ಎಣ್ಣೆಯಲ್ಲದ ಎಣ್ಣೆ

ಮಳೆಗಾಲದಲ್ಲಿ ಅಡಿಗೆಮನೆಯ ಉಪ್ಪು ಬೆವರುವುದನ್ನು ಕಾಣದ ಗೃಹಿಣಿಯರು ನಮ್ಮಲ್ಲಿ ಇರಲಾರರು. ಪೊಟ್ಟಣದ ಪುಡಿಯುಪ್ಪು ರೂಢಿಗೆ ಬರುವ ಮೊದಲು, ಹರಳುಪ್ಪೇ ವರ್ಷಕ್ಕಾಗುವಷ್ಟು ಮನೆಗೆ ಬಂದು ಬೀಳುತ್ತಿದ್ದ ಕಾಲದಲ್ಲಂತೂ ಆಷಾಢ ಕಾಲಿಟ್ಟಿತೆಂದರೆ ಉಪ್ಪಿನ ಭರಣಿಯ ತಳದಲ್ಲಿ ನೀರು ಕಟ್ಟುತ್ತಿತ್ತು. ಕುಮಟೆಯ ಕಡೆಯ ನಮ್ಮ ಅಜ್ಜಿಯ ಮನೆಯಲ್ಲಿ ಹಲಸಿನ ಮರದ ಉಪ್ಪಿನ ಮರಿಗೆಯೊಂದಿತ್ತು. ಅದನ್ನು ಕೊಂಚ ಓರೆಯಾಗಿ ಇರಿಸಿ, ತಗ್ಗಿನ ಬದಿಗೆ ಒಂದು ತೆಂಗಿನ ಗರಟೆಯನ್ನಿಡುತ್ತಿದ್ದರು. ಇರುಳೆಲ್ಲ ತೊಟ್ಟು ತೊಟ್ಟಾಗಿ ಇಳಿದ ನೀರು ಬೆಳಗಿನ ಹೊತ್ತಿಗೆ ಗರಟೆಯ ಅರ್ಧಕ್ಕೆ ಬಂದಿರುತ್ತಿತ್ತು. ಹುಡುಗುಬುದ್ಧಿಯಿಂದ ಅದನ್ನು ನಾಲಗೆಗೆ ಹಚ್ಚಿಕೊಂಡು ನೋಡಿದ್ದೇನೆ. ಉಪ್ಪಿಗಿಂತ ಕಹಿಯೇ ಮುಂದು. ಬೆರಳಿನಲ್ಲಿ ತಿಕ್ಕಿದರೆ ಎಣ್ಣೆಯಂತೆ ಜಾರುತ್ತಿತ್ತು. “ಅದು ಉಪ್ಪಿನ ಕೊಳೆ ಕಣೋ, ತೆಂಗಿನ ಬುಡಕ್ಕೆ ಚೆಲ್ಲು” ಎನ್ನುತ್ತಿದ್ದರು ಅಜ್ಜಿ.

ಆ ಗರಟೆಯ ನೀರನ್ನು ನಾನು ಎಂದೋ ಮರೆತಿದ್ದೆ. ಕಳೆದ ವರ್ಷ ಬೆಂಗಳೂರಿನಲ್ಲಿ ಅಣ್ಣನ ಮನೆಗೆ ಹೋದಾಗ ಅತ್ತಿಗೆ ಒಂದು ಚೆಂದದ ಸೀಸೆಯನ್ನು ತಂದು ತೋರಿಸಿದರು. ‘ಮೆಗ್ನೀಸಿಯಂ ಎಣ್ಣೆ’ ಎಂದು ಅದರ ಹೆಸರು. ಅವರಿಗೆ ರಾತ್ರಿ ಮಲಗಿದಾಗ ಮೀನಖಂಡ ಹಿಡಿದುಕೊಳ್ಳುವ ತೊಂದರೆ ಬಹಳ ದಿನಗಳಿಂದ ಇತ್ತು. ಪಕ್ಕದ ಮನೆಯವರು ಹೇಳಿದರೆಂದು ತರಿಸಿಕೊಂಡು, ದಿನವೂ ಮಲಗುವ ಮುನ್ನ ಕಾಲಿಗೆ ಹತ್ತು ಸಲ ಸಿಂಪಡಿಸಿಕೊಂಡು ತಿಕ್ಕಿಕೊಳ್ಳುತ್ತಿದ್ದರು. ಕೈಯಳತೆಯ ಆ ಸೀಸೆಗೆ ಕೊಟ್ಟದ್ದು ಕೆಲವು ನೂರು ರೂಪಾಯಿ. ಒಂದು ಹನಿಯನ್ನು ಅಂಗೈಗೆ ಬಿಟ್ಟುಕೊಂಡು ತಿಕ್ಕಿ ನೋಡಿದೆ. ಅದೇ ಜಾರು, ಅದೇ ಅಂಟು! ನಾಲಗೆಯ ತುದಿಗೆ ತಾಗಿಸಿದೆ. ಅತ್ತಿಗೆ “ಅಯ್ಯೋ, ಏನು ಮಾಡುತ್ತೀ!” ಎನ್ನುವಷ್ಟರಲ್ಲಿ ನಲವತ್ತೈದು ವರ್ಷಗಳ ಹಿಂದಿನ ಗರಟೆ ಕಣ್ಣ ಮುಂದೆ ಬಂದು ನಿಂತಿತು.

ಹೆಸರಿಗೆ ಮಾತ್ರ ಎಣ್ಣೆ

ಎಳ್ಳಾಗಲಿ ಕೊಬ್ಬರಿಯಾಗಲಿ ಕೊಡುವಂಥ ಜಿಡ್ಡು ಇದರಲ್ಲಿ ಹೆಸರಿಗೂ ಇಲ್ಲ. ಮೆಗ್ನೀಸಿಯಂ ಕ್ಲೋರೈಡ್ ಎಂಬ ಲವಣವನ್ನು ನೀರಿನಲ್ಲಿ ಇನ್ನು ಕರಗದೆಂಬ ಹಂತದವರೆಗೆ ಕರಗಿಸಿದರೆ ದೊರೆಯುವ ಮಂದವಾದ ದ್ರವವೇ ಈ ‘ಎಣ್ಣೆ’. ಒಳ್ಳೆಯ ಸೀಸೆಯಲ್ಲಿ ನೂರಕ್ಕೆ ಮೂವತ್ತು ಭಾಗದಷ್ಟು ಲವಣ, ಉಳಿದುದು ನೀರು. ಒಂದು ಲೀಟರು ನೀರು ಒಂದು ಕಿಲೋ ತೂಗಿದರೆ ಇದು ಒಂದೂಕಾಲು ಕಿಲೋಗಿಂತ ಹೆಚ್ಚು ತೂಗುತ್ತದೆ. ಮೈಮೇಲೆ ಜಾರುವುದು ಈ ಸಾಂದ್ರತೆಯಿಂದ. ನೀರಿನಿಂದ ತೊಳೆದರೆ ಸಾಬೂನಿಲ್ಲದೆಯೇ ಹೋಗುತ್ತದೆ.

ಈ ಲವಣದ ಸ್ವಭಾವವೊಂದನ್ನು ಇಲ್ಲಿಯೇ ಹೇಳಿಬಿಡಬೇಕು. ಗಾಳಿಯ ತೇವವನ್ನು ಹೀರಿ ತಾನೇ ನೀರಾಗುವುದರಲ್ಲಿ ಇದಕ್ಕೆ ಸಮನಾದವು ಕಡಿಮೆ. ಅಪ್ಪಟವಾದ ಅಡಿಗೆಯುಪ್ಪು ಗಾಳಿಯ ತೇವ ನೂರಕ್ಕೆ ೭೫ನ್ನು ದಾಟುವ ತನಕ ಅಲುಗಾಡುವುದಿಲ್ಲ. ಮೆಗ್ನೀಸಿಯಂ ಕ್ಲೋರೈಡಿಗೆ ೩೩ ಸಾಕು. ಅಜ್ಜಿಯ ಹರಳುಪ್ಪು ಮಳೆ ಹಿಡಿಯುವ ಮೊದಲೇ ಬೆವರಲು ಆರಂಭಿಸುತ್ತಿದ್ದುದು ಅದರಲ್ಲಿ ಅಡಗಿದ್ದ ಈ ಕಹಿ ಲವಣದಿಂದ. ಅತ್ತಿಗೆಯ ಕಾಲು ರಾತ್ರಿಯೆಲ್ಲ ಒಣಗದೆ ಹಾಸಿಗೆಯ ಹೊದಿಕೆಗೆ ಅಂಟಿಕೊಳ್ಳುತ್ತಿದ್ದುದೂ ಅದರಿಂದಲೇ.

ಸಮುದ್ರ ಕೊಡುವ ಕ್ರಮ

ಹಾಗಾದರೆ ಈ ಲವಣ ಎಲ್ಲಿಂದ ಬರುತ್ತದೆ? ಗೋಕರ್ಣದ ಯಾತ್ರೆ ಮಾಡಿದವರು ದಾರಿಯಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ನೋಡಿರಬಹುದು. ಅಘನಾಶಿನಿಯ ಅಳಿವೆಯಲ್ಲಿ ಭರತದ ನೀರನ್ನು ಕಟ್ಟೆಯೊಳಕ್ಕೆ ಬಿಟ್ಟುಕೊಂಡು, ಮಡಿಯಿಂದ ಮಡಿಗೆ ಹಾಯಿಸುತ್ತ, ಬಿಸಿಲಿಗೆ ಕಾಯಿಸುತ್ತ ಉಪ್ಪು ತೆಗೆಯುವ ಕೆಲಸ ಅಲ್ಲಿ ತಲೆಮಾರುಗಳಿಂದ ನಡೆದು ಬಂದಿದೆ.

ಒಂದು ಸಾವಿರ ಕಿಲೋ ಸಮುದ್ರದ ನೀರಿನಲ್ಲಿ ಬಗೆಬಗೆಯ ಲವಣಗಳು ಸೇರಿ ಸುಮಾರು ೩೫ ಕಿಲೋ ಇರುತ್ತವೆ. ಅದರಲ್ಲಿ ಮೆಗ್ನೀಸಿಯಂ ಸುಮಾರು ೧.೩ ಕಿಲೋ. ನೀರು ಆರುತ್ತ ಹೋದಂತೆ ಇವೆಲ್ಲ ಒಟ್ಟಿಗೆ ಹರಳಾಗುವುದಿಲ್ಲ. ಒಂದೊಂದೂ ತನ್ನ ಸರದಿಗಾಗಿ ಕಾದಿರುತ್ತದೆ. ಮೊದಲು ಸುಣ್ಣದ ಅಂಶ ತಳಕ್ಕಿಳಿಯುತ್ತದೆ, ಬಳಿಕ ಜಿಪ್ಸಮ್. ನೀರು ಹತ್ತರಲ್ಲಿ ಒಂದು ಪಾಲಿಗೆ ಇಳಿದಾಗ ಅಡಿಗೆಯುಪ್ಪಿನ ಹರಳು ಕಟ್ಟತೊಡಗುತ್ತದೆ. ಹಾಲಿನ ಗಟ್ಟಿತನ ನೋಡುವ ಲ್ಯಾಕ್ಟೋಮೀಟರಿನ ಜಾತಿಯದೇ ಆದ ಗಾಜಿನ ಕೊಳವೆಯೊಂದನ್ನು ತೇಲಬಿಟ್ಟು, ಬೋಮೆ ಎಂಬ ಅಳತೆಯಲ್ಲಿ ನೀರಿನ ಸಾಂದ್ರತೆಯನ್ನು ನೋಡುತ್ತಾರೆ. ಸಮುದ್ರದಲ್ಲಿ ೩ ಇದ್ದದ್ದು ೨೫ಕ್ಕೇರಿದಾಗ ಉಪ್ಪು ಬೀಳುತ್ತದೆ. ೨೯–೩೦ಕ್ಕೆ ಬಂದಾಗ ಉಳಿದ ನೀರನ್ನು ಹೊರಕ್ಕೆ ಬಿಟ್ಟುಬಿಡಬೇಕು. ತಡಮಾಡಿದರೆ ಉಪ್ಪು ಕಹಿಯಾಗುತ್ತದೆ. ಮೆಗ್ನೀಸಿಯಂ ಕ್ಲೋರೈಡು ಮಾತ್ರ ಕೊನೆಯವರೆಗೂ ಹರಳಾಗಲೊಲ್ಲದೆ ಆ ನೀರಿನಲ್ಲಿಯೇ ಉಳಿದಿರುತ್ತದೆ. ಆ ಉಳಿಕೆಯ ಕಹಿನೀರೇ ನಮ್ಮ ಸೀಸೆಯ ಮೂಲಪುರುಷ. ತೆಗೆದ ಉಪ್ಪನ್ನು ಗುಡ್ಡೆ ಹಾಕಿ ಹಲವು ದಿನ ಬಿಡುವುದೂ ಹರಳುಗಳ ನಡುವೆ ಸಿಕ್ಕಿಕೊಂಡ ಇದೇ ನೀರು ಸೋರಿ ಹೋಗಲೆಂದು.

ಜಪಾನಿನವರು ಈ ನೀರನ್ನು ಚೆಲ್ಲದೆ ‘ನಿಗಾರಿ’ ಎಂದು ಕರೆದು, ಸೋಯಾ ಅವರೆಯ ಹಾಲನ್ನು ಒಡೆಸಿ ತೋಫು ಮಾಡಲು ಬಳಸುತ್ತ ಬಂದಿದ್ದಾರೆ. ಅವರ ಭಾಷೆಯಲ್ಲಿಯೂ ಆ ಹೆಸರಿನ ಮೂಲ ಕಹಿ ಎಂಬ ಅರ್ಥದ ಮಾತೇ.

ನೂಲಿಗೆ ಬೇಕಾದ ಲವಣ

ಭಾರತದಲ್ಲಿ ಈ ಲವಣಕ್ಕೆ ಮಾರುಕಟ್ಟೆ ದೊರೆತದ್ದು ಮಾತ್ರ ಚರ್ಮಕ್ಕಾಗಿ ಅಲ್ಲ, ಬಟ್ಟೆಗಾಗಿ. ಮಗ್ಗಕ್ಕೇರಿಸುವ ಹಾಸುನೂಲಿಗೆ ಗಂಜಿ ಹಾಕುವುದನ್ನು ನೇಕಾರರ ಬೀದಿಯಲ್ಲಿ ನೋಡಿದವರುಂಟು. ಗಂಜಿ ತೀರ ಒಣಗಿದರೆ ನೂಲು ಪಟಪಟನೆ ಕಡಿಯುತ್ತದೆ. ಮುಂಬಯಿಯ ಗಿರಣಿಗಳು ಗಂಜಿಗೆ ಮೆಗ್ನೀಸಿಯಂ ಕ್ಲೋರೈಡನ್ನು ಬೆರೆಸಿ, ಗಾಳಿಯ ತೇವವನ್ನು ನೂಲಿನಲ್ಲಿ ಹಿಡಿದಿಡುತ್ತಿದ್ದವು. ಅಜ್ಜಿಯ ಉಪ್ಪನ್ನು ಕೆಡಿಸಿದ ಗುಣವೇ ಗಿರಣಿಯ ಮಾಲೀಕರಿಗೆ ವರವಾಯಿತು!

ಈ ಲವಣ ಬರುತ್ತಿದ್ದುದು ಜರ್ಮನಿಯಿಂದ. ಅಲ್ಲಿನ ಸ್ಟಾಸ್‌ಫುರ್ಟ್ ಎಂಬಲ್ಲಿ ೧೮೫೦ರ ದಶಕದಲ್ಲಿ ಕಲ್ಲುಪ್ಪಿಗಾಗಿ ಗಣಿ ತೋಡಿದಾಗ ಮೇಲುಭಾಗದಲ್ಲಿ ಕಹಿ ಲವಣಗಳ ಪದರಗಳು ಸಿಕ್ಕವು. ಅವನ್ನು ‘ತೆಗೆದೊಗೆಯುವ ಲವಣ’ ಎಂದೇ ಕರೆದು ಬದಿಗೆ ಒಟ್ಟಿದರು. ಕೆಲವೇ ವರ್ಷಗಳಲ್ಲಿ ಅವುಗಳಿಂದ ಪೊಟ್ಯಾಷ್ ಗೊಬ್ಬರ ತೆಗೆಯಬಹುದೆಂದು ತಿಳಿದು, ಒಗೆದದ್ದೇ ಹೊನ್ನಾಯಿತು. ಗೊಬ್ಬರ ತೆಗೆದು ಉಳಿದ ಮೆಗ್ನೀಸಿಯಂ ಕ್ಲೋರೈಡು ಹಡಗೇರಿ ಮುಂಬಯಿಗೆ ಬರುತ್ತಿತ್ತು.

೧೯೧೪ರಲ್ಲಿ ಮಹಾಯುದ್ಧ ಆರಂಭವಾದೊಡನೆ ಆ ಹಡಗುಗಳು ನಿಂತವು, ಗಿರಣಿಗಳು ಕಂಗಾಲಾದವು. ಆಗ ಕಣ್ಣು ಹೋದದ್ದು ಗುಜರಾತಿನ ಕಚ್ಛದ ಸಣ್ಣ ರಣದ ಅಂಚಿನಲ್ಲಿರುವ ಖಾರಾಘೋಡಾ ಎಂಬ ಊರಿನ ಕಡೆಗೆ. ಉಪ್ಪು ತೆಗೆದ ಮೇಲೆ ಅಲ್ಲಿ ಚೆಲ್ಲಿಹೋಗುತ್ತಿದ್ದ ಕಹಿನೀರಿನಲ್ಲಿ ಈ ಲವಣ ಹೇರಳವಾಗಿತ್ತು. ಯುದ್ಧದ ವರ್ಷಗಳಲ್ಲಿಯೇ ಅಲ್ಲಿ ಕಾರ್ಖಾನೆ ಎದ್ದಿತು. ಯುದ್ಧ ಮುಗಿದು ಜರ್ಮನಿಯ ಸರಕು ಮತ್ತೆ ಅಗ್ಗವಾಗಿ ಬಂದಾಗ ಉದ್ಯಮ ತತ್ತರಿಸಿ, ಸುಂಕದ ಮಂಡಳಿಯ ಮುಂದೆ ಹೋಗಿ ನಿಂತಿತು. ೧೯೩೧ರಲ್ಲಿ ಭಾರೀ ರಾಸಾಯನಿಕ ಉದ್ಯಮಗಳ ರಕ್ಷಣೆಗೆಂದು ಆದ ಕಾಯಿದೆಯಲ್ಲಿ ಇದಕ್ಕೂ ರಕ್ಷಣೆ ದೊರೆಯಿತು. ಸ್ವಾತಂತ್ರ್ಯ ಬಂದ ಮೇಲೆ, ೧೯೫೪ರಲ್ಲಿ ಭಾವನಗರದಲ್ಲಿ ಕೇಂದ್ರೀಯ ಉಪ್ಪು ಸಂಶೋಧನಾಲಯವನ್ನು ಜವಾಹರಲಾಲ್ ನೆಹರೂ ಅವರು ಉದ್ಘಾಟಿಸಿದರು. ಕಹಿನೀರಿನಿಂದ ಏನೇನು ತೆಗೆಯಬಹುದೆಂಬುದು ಅಲ್ಲಿನ ವಿಜ್ಞಾನಿಗಳು ಕೈಗೊಂಡ ಕೆಲಸಗಳಲ್ಲೊಂದು.

ರಣದ ಜನ

ಸಣ್ಣ ರಣವೆಂದರೆ ಸುಮಾರು ೫,೦೦೦ ಚದರ ಕಿಲೋಮೀಟರಿನಷ್ಟು ಬಟ್ಟ ಬಯಲು. ಮಳೆಗಾಲದಲ್ಲಿ ಅದು ನೀರಿನ ಹಾಳೆ. ನವರಾತ್ರಿಯ ಹೊತ್ತಿಗೆ ನೀರಿಳಿದು ಬಿರುಕುಬಿಟ್ಟ ಕೆಸರು. ಆಗ ಅಂಚಿನ ಹಳ್ಳಿಗಳಿಂದ ಅಗರಿಯಾ ಎಂಬ ಜನ ಹೆಂಡಿರು ಮಕ್ಕಳು, ಪಾತ್ರೆಪರಟಿಗಳೊಡನೆ ರಣಕ್ಕಿಳಿಯುತ್ತಾರೆ. ನಮ್ಮ ಕರಾವಳಿಯವರು ಉಪ್ಪಿನ ‘ಆಗರ’ವೆನ್ನುತ್ತಾರಲ್ಲ, ಅವರ ಹೆಸರಿನಲ್ಲಿರುವುದೂ ಅದೇ ಮಾತು. ಅಲ್ಲಿ ಸಮುದ್ರದ ನೀರಿಲ್ಲ. ನೆಲದಡಿಯಲ್ಲಿರುವ, ಸಮುದ್ರಕ್ಕಿಂತ ಹಲವು ಪಟ್ಟು ಉಪ್ಪಾದ ನೀರಿಗಾಗಿ ಬಾವಿ ತೋಡಬೇಕು. ಮಡಿ ಕಟ್ಟಿ, ನೆಲವನ್ನು ಕಾಲಿನಿಂದಲೇ ತುಳಿತುಳಿದು ಗಟ್ಟಿಮಾಡಬೇಕು. ಹರಳು ಕಟ್ಟತೊಡಗಿದ ಮೇಲೆ ಹಲ್ಲುಗಳುಳ್ಳ ಮರದ ಹಲುಬೆಯಿಂದ ದಿನವೂ ಅದನ್ನು ಕೆದಕುತ್ತಿರಬೇಕು. ವರ್ಷದ ಏಳೆಂಟು ತಿಂಗಳು ಈ ಕೆಲಸ. ಕುಡಿಯುವ ನೀರು ಟ್ಯಾಂಕರಿನಲ್ಲಿ ಬರುತ್ತದೆ. ಮೊದಲು ಬಾವಿಯ ನೀರೆತ್ತುವ ಡೀಸೆಲ್ ಯಂತ್ರಕ್ಕೆ ಸುರಿಯುವುದರಲ್ಲಿಯೇ ದುಡಿಮೆಯ ದೊಡ್ಡ ಪಾಲು ಕರಗುತ್ತಿತ್ತು; ಈಗ ಎಷ್ಟೋ ಮಡಿಗಳ ಬದಿಯಲ್ಲಿ ಸೂರ್ಯಶಕ್ತಿಯ ಪಂಪುಗಳು ಬಂದಿವೆ. ಆದರೂ ಒಂದು ಟನ್ ಉಪ್ಪಿಗೆ ಅವರ ಕೈಗೆ ಬರುವುದು ಕೆಲವು ನೂರು ರೂಪಾಯಿ. ಸರಕಾರದ ದಾಖಲೆಯಲ್ಲಿ ಈ ನೆಲದ ಸರ್ವೆ ನಂಬರು ಸೊನ್ನೆ! ಅಳೆಯದ ನೆಲಕ್ಕೆ ಒಡೆತನದ ಪತ್ರವೂ ಇಲ್ಲ.

ಇವರ ಕಾಲುಗಳ ವಿಷಯ ಹೇಳಲೇಬೇಕು. ಬರಿಗಾಲಿನಲ್ಲಿ ವರ್ಷಾನುವರ್ಷ ಆ ನೀರಿನಲ್ಲಿ ನಿಂತು ಚರ್ಮ ದಡ್ಡುಗಟ್ಟುತ್ತದೆ, ಬಿರಿಯುತ್ತದೆ. ಬಿರುಕಿಗೆ ಉಪ್ಪು ಹೋಗಿ ಹುಣ್ಣಾಗುತ್ತದೆ. ಅಗರಿಯಾ ಸತ್ತರೆ ಚಿತೆಯಲ್ಲಿ ಮೈಯೆಲ್ಲ ಬೂದಿಯಾದರೂ ಪಾದಗಳು ಬೇಯದೆ ಉಳಿಯುತ್ತವೆ, ಅವನ್ನು ಬೇರೆಯಾಗಿ ಉಪ್ಪಿನೊಡನೆ ಹೂಳುತ್ತಾರೆ ಎಂಬ ಮಾತು ಆ ಸೀಮೆಯಲ್ಲಿ ಎಲ್ಲರ ಬಾಯಲ್ಲಿದೆ. ಈಚಿನ ವರ್ಷಗಳಲ್ಲಿ ರಬ್ಬರಿನ ಬೂಟುಗಳನ್ನು ಹಂಚಿರುವುದುಂಟು.

ಇದನ್ನು ಅತ್ತಿಗೆಗೆ ವಿವರಿಸಿದಾಗ ಅವರು ಸೀಸೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಹಳ ಹೊತ್ತು ಸುಮ್ಮನಿದ್ದರು. ಅನಂತರ, “ಹಾಗಾದರೆ ಅವರಿಗೆ ಕಾಲುನೋವು, ಮೀನಖಂಡ ಹಿಡಿಯುವುದು ಏನೂ ಇರುವುದಿಲ್ಲವೇನು?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಕಾರ್ಖಾನೆಯಿಂದ ಸೀಸೆಗೆ

ಕಹಿನೀರು ಕಾರ್ಖಾನೆಗೆ ಬಂದ ಮೇಲೆ ಆಗುವ ಸಂಸ್ಕಾರ ಸರಳವೇ. ಮೊದಲು ಅದರಿಂದ ಬ್ರೋಮಿನ್ ಎಂಬ ಬೆಲೆಬಾಳುವ ಧಾತುವನ್ನು ತೆಗೆದುಕೊಳ್ಳುವುದುಂಟು. ಬಳಿಕ ಉಳಿದ ಅಡಿಗೆಯುಪ್ಪು, ಸಲ್ಫೇಟು ಮೊದಲಾದವನ್ನು ಬೇರ್ಪಡಿಸಿ, ನೂರಕ್ಕೆ ೪೭ ಭಾಗ ಮೆಗ್ನೀಸಿಯಂ ಕ್ಲೋರೈಡ್ ಆಗುವವರೆಗೆ ಕುದಿಸುತ್ತಾರೆ. ಈ ಪಾಕ ೧೧೭ ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿದೊಡನೆ ಗಟ್ಟಿಯಾಗುತ್ತದೆ. ತಿರುಗುವ ತಣ್ಣನೆಯ ಉರುಳೆಯ ಮೇಲೆ ಅದನ್ನು ಹರಿಸಿ ಕೆರೆದರೆ ಅವಲಕ್ಕಿಯಂಥ ಬಿಳಿಯ ಚೂರುಗಳು ಸಿದ್ಧ. ಮುಟ್ಟಿದರೆ ಒಣಗಿದಂತಿದ್ದರೂ ಆ ಚೂರುಗಳ ಅರ್ಧಕ್ಕಿಂತ ಹೆಚ್ಚು ತೂಕ ಹರಳಿನೊಳಗೆ ಸೇರಿಕೊಂಡ ನೀರಿನದೇ. ಆ ನೀರನ್ನೂ ಓಡಿಸುವೆನೆಂದು ಯಾರಾದರೂ ಮನೆಯ ಒಲೆಯ ಮೇಲೆ ಹುರಿಯಹೋದರೆ ಲವಣವೇ ಒಡೆದು ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಏಳುತ್ತದೆ. ಆ ಸಾಹಸ ಬೇಡ.

ಈ ಚೂರುಗಳ ಎರಡು ತೂಕಕ್ಕೆ ಶುದ್ಧ ನೀರು ಒಂದು ತೂಕ ಸೇರಿಸಿ ಕಲಕಿದರೆ ನೂರಕ್ಕೆ ೩೧ರ ದ್ರಾವಣ, ಅರ್ಥಾತ್ ‘ಮೆಗ್ನೀಸಿಯಂ ಎಣ್ಣೆ’. ಒಲೆಯೂ ಬೇಡ, ಗಾಣವೂ ಬೇಡ. ಸಮ ತೂಕ ಹಾಕಿದರೆ ಸ್ವಲ್ಪ ಸೌಮ್ಯ. ಸೀಸೆಯ ಬೆಲೆಯಲ್ಲಿ ಹೆಚ್ಚಿನದು ಸೀಸೆಗೆ, ಚೀಟಿಗೆ, ಸಾಗಣೆಗೆ ಎಂಬುದನ್ನು ಜಾಣ ಗೃಹಿಣಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಚೀಟಿಗಳ ಮೇಲೆ ಬಹುವಾಗಿ ಕಾಣುವ ಹೆಸರು ‘ಜೆಕ್‌ಸ್ಟೈನ್’. ಸುಮಾರು ೨೫ ಕೋಟಿ ವರ್ಷಗಳ ಹಿಂದೆ ಉತ್ತರ ಯೂರೋಪನ್ನು ಮುಚ್ಚಿದ್ದು, ಬಳಿಕ ಬತ್ತಿ ಹೋದ ಸಮುದ್ರದ ಹೆಸರದು. ಸ್ಟಾಸ್‌ಫುರ್ಟಿನ ಲವಣಗಳೂ ಅದರವೇ. ನೆದರ್ಲೆಂಡಿನ ವೇಂಡಮ್ ಎಂಬಲ್ಲಿ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಆಳದಲ್ಲಿರುವ ಅದರ ಲವಣದ ಪದರಕ್ಕೆ ಕೊಳವೆಯಿಂದ ನೀರು ನುಗ್ಗಿಸಿ, ಕರಗಿದ ದ್ರಾವಣವನ್ನು ಮೇಲಕ್ಕೆ ತರುತ್ತಾರೆ. ಗಣಿಗೆ ಮನುಷ್ಯರು ಇಳಿಯಬೇಕಾಗಿಲ್ಲ. ಅದಕ್ಕೆ ಪ್ರತಿಯಾಗಿ ಮೇಲಿನ ನೆಲ ಮೆಲ್ಲಮೆಲ್ಲನೆ ಕುಸಿಯುತ್ತದೆ. ಇನ್ನೊಂದು ಹೆಸರುವಾಸಿಯಾದ ಮೂಲ ಮೃತ ಸಮುದ್ರ. ಅದರ ಲವಣಗಳಲ್ಲಿ ಅಡಿಗೆಯುಪ್ಪಿಗಿಂತ ಮೆಗ್ನೀಸಿಯಂ ಕ್ಲೋರೈಡೇ ಹೆಚ್ಚು.

‘ಪುರಾತನ ಸಮುದ್ರದ ಗರ್ಭದಿಂದ’ ಎಂಬ ಒಕ್ಕಣೆ ಕಿವಿಗೆ ಇಂಪಾದೀತು. ಆದರೆ ಕಣವಾಗಿ ನೋಡಿದರೆ ವೇಂಡಮ್ಮಿನ ಮೆಗ್ನೀಸಿಯಂ ಬೇರೆ, ಖಾರಾಘೋಡಾದ ಮೆಗ್ನೀಸಿಯಂ ಬೇರೆ ಎಂಬುದಿಲ್ಲ. ಭೇದವಿರುವುದು ಶುದ್ಧಿಯಲ್ಲಿ. ಇದೇ ಲವಣವನ್ನು ಹಿಮದ ದೇಶಗಳಲ್ಲಿ ರಸ್ತೆಯ ಮೇಲೆ ಮಂಜುಗಡ್ಡೆ ಕಟ್ಟದಂತೆ ಎರಚುತ್ತಾರೆ, ಗಣಿಗಳ ದಾರಿಯಲ್ಲಿ ಧೂಳು ಅಡಗಿಸಲು ಸಿಂಪಡಿಸುತ್ತಾರೆ, ನೆಲಗಾರೆಗೆ ಬೆರೆಸುತ್ತಾರೆ. ಅಂಥ ಸರಕಿನಲ್ಲಿ ಸೀಸ, ಆರ್ಸೆನಿಕ್ ಮೊದಲಾದವುಗಳ ಪ್ರಮಾಣವನ್ನು ಮೈಗೆ ಹಚ್ಚುವ ವಸ್ತುವಿನಲ್ಲಿ ನೋಡುವಷ್ಟು ಬಿಗಿಯಾಗಿ ನೋಡುವುದಿಲ್ಲ. ಕೊಳ್ಳುವವರು ಸಮುದ್ರದ ವಯಸ್ಸನ್ನು ವಿಚಾರಿಸುವುದಕ್ಕಿಂತ ಔಷಧಿ ಅಥವಾ ಆಹಾರದ ದರ್ಜೆಯದೇ, ಪರೀಕ್ಷೆಯ ಪತ್ರವಿದೆಯೇ ಎಂದು ವಿಚಾರಿಸುವುದು ಲೇಸು.

ಚರ್ಮದ ಬಾಗಿಲು

ಇನ್ನು ಮುಖ್ಯವಾದ ಪ್ರಶ್ನೆ. ಇದು ಚರ್ಮದ ಮೂಲಕ ಮೈಯೊಳಕ್ಕೆ ಇಳಿಯುತ್ತದೆಯೇ?

ವಯಸ್ಕರ ದೇಹದಲ್ಲಿ ಸುಮಾರು ೨೫ ಗ್ರಾಂ ಮೆಗ್ನೀಸಿಯಂ ಇರುತ್ತದೆ. ಅರ್ಧಕ್ಕಿಂತ ಹೆಚ್ಚು ಎಲುಬಿನಲ್ಲಿ. ಸ್ನಾಯು, ನರ, ಹೃದಯದ ಬಡಿತ ಎಲ್ಲಕ್ಕೂ ಅದು ಬೇಕು. ಆದರೆ ಚರ್ಮದ ಹೊರಪದರವಿರುವುದೇ ಹೊರಗಿನ ನೀರು ಲವಣಗಳನ್ನು ತಡೆಯುವುದಕ್ಕೆ. ಕೂದಲಿನ ಬುಡದ ರಂಧ್ರಗಳಿಂದ ಅಷ್ಟಿಷ್ಟು ಒಳಹೊಗಬಹುದೆಂದು ಪ್ರಯೋಗಶಾಲೆಯಲ್ಲಿ ಕಂಡಿದೆ. ಅದು ದೇಹದ ಕೊರತೆಯನ್ನು ತುಂಬುವಷ್ಟು ಎಂಬುದಕ್ಕೆ ಮಾತ್ರ ಆಧಾರ ಸಾಲದು. ೨೦೧೭ರಲ್ಲಿ ಜರ್ಮನಿಯ ತಜ್ಞರು ಅದುವರೆಗಿನ ಸಂಶೋಧನೆಗಳನ್ನೆಲ್ಲ ಜಾಲಾಡಿ ಬಂದ ತೀರ್ಮಾನವೂ ಇದೇ. ಆದರೆ ಚರ್ಮಕ್ಕೇ ಲಾಭವಿಲ್ಲವೆನ್ನಲಾಗದು. ೨೦೦೫ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಒಣಚರ್ಮದ ತೊಂದರೆಯಿದ್ದವರು ಒಂದು ತೋಳನ್ನು ಮೃತ ಸಮುದ್ರದ ಲವಣ ನೂರಕ್ಕೆ ಐದರಷ್ಟಿದ್ದ ನೀರಿನಲ್ಲಿ, ಇನ್ನೊಂದನ್ನು ನಲ್ಲಿಯ ನೀರಿನಲ್ಲಿ ಹದಿನೈದು ನಿಮಿಷ ಅದ್ದಿದರು. ಆರು ವಾರಗಳಲ್ಲಿ ಲವಣದ ನೀರು ಕಂಡ ತೋಳಿನ ಒರಟುತನ ಕಡಿಮೆಯಾಗಿತ್ತು. ಅದು ನೂರಕ್ಕೆ ಐದು ಎಂಬುದನ್ನು ಗಮನಿಸಬೇಕು. ಸೀಸೆಯಲ್ಲಿರುವುದು ಅದರ ಆರು ಪಟ್ಟು ಸಾಂದ್ರ. ಗೀರು, ಗಾಯ, ಹೊಸದಾಗಿ ಕ್ಷೌರ ಮಾಡಿದ ಜಾಗಕ್ಕೆ ತಾಗಿದರೆ ಚುರುಚುರು ಉರಿಯುವುದು ಸಹಜ.

ಸುಮ್ಮನೆ ಒಂದು ಲೆಕ್ಕ ಹಾಕೋಣ. ಈ ದ್ರಾವಣದ ಒಂದು ಮಿಲಿಲೀಟರಿನಲ್ಲಿ ಸುಮಾರು ೧೦೦ ಮಿಲಿಗ್ರಾಂ ಮೆಗ್ನೀಸಿಯಂ ಇರುತ್ತದೆ. ಹತ್ತು ಸಿಂಪಡಣೆಯೆಂದರೆ ಒಂದು, ಒಂದೂವರೆ ಮಿಲಿಲೀಟರು. ಅಷ್ಟೂ ಒಳಗೆ ಹೋಯಿತೆಂದೇ ಇಟ್ಟುಕೊಂಡರೂ, ನೂರು ಗ್ರಾಂ ರಾಗಿಹಿಟ್ಟಿನ ಒಂದು ಮುದ್ದೆಯಲ್ಲಿ ಸರಿಸುಮಾರು ಅಷ್ಟೇ ಮೆಗ್ನೀಸಿಯಂ ಉಂಟು!

ಅತ್ತಿಗೆಯ ಕಥೆ ಮುಂದೆ ಹೀಗಾಯಿತು. ಮೂರು ತಿಂಗಳು ತಿಕ್ಕಿದರೂ ರಾತ್ರಿಯ ನೋವು ಕಡಿಮೆಯಾಗದೆ, ಕೈಬೆರಳುಗಳೂ ಸೆಟೆದುಕೊಳ್ಳತೊಡಗಿದವು. “ಎಣ್ಣೆ ಇನ್ನೂ ಹಿಡಿಯಬೇಕು” ಎಂದು ಅವರು, “ಡಾಕ್ಟರಲ್ಲಿಗೆ ಹೋಗೋಣ” ಎಂದು ಅಣ್ಣ. ಕೊನೆಗೆ ಹೋದಾಗ ಡಾಕ್ಟರು ಮೊದಲು ಕೇಳಿದ್ದು ಯಾವ ಯಾವ ಗುಳಿಗೆ ನುಂಗುತ್ತೀರಿ ಎಂದು. ಹೊಟ್ಟೆಯುರಿಗೆಂದು, ಆಮ್ಲವನ್ನು ತಗ್ಗಿಸುವ ಗುಳಿಗೆಯನ್ನು ಅತ್ತಿಗೆ ಆರು ವರ್ಷಗಳಿಂದ ತಾವೇ ಅಂಗಡಿಯಿಂದ ತರಿಸಿ ನುಂಗುತ್ತಿದ್ದರು. ಈ ಜಾತಿಯ ಗುಳಿಗೆಗಳನ್ನು ದೀರ್ಘಕಾಲ ಸೇವಿಸಿದರೆ ರಕ್ತದಲ್ಲಿ ಮೆಗ್ನೀಸಿಯಂ ಇಳಿಯಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ ೨೦೧೧ರಲ್ಲಿಯೇ ಎಚ್ಚರಿಸಿತ್ತು. ಮೂತ್ರ ಹೆಚ್ಚಿಸುವ ಕೆಲವು ಗುಳಿಗೆಗಳಿಂದಲೂ ಹಾಗಾಗುವುದುಂಟು. ರಕ್ತಪರೀಕ್ಷೆಯಲ್ಲಿ ಅತ್ತಿಗೆಯ ಮೆಗ್ನೀಸಿಯಂ ನಿಜಕ್ಕೂ ಬಹಳ ತಗ್ಗಿತ್ತು. ಮೂರು ತಿಂಗಳು ದಿನವೂ ಮೆಗ್ನೀಸಿಯಮ್ಮಿನಲ್ಲಿ ಕಾಲು ನೆನೆಸಿದ ಮೇಲಿನ ಮಾತಿದು. ಡಾಕ್ಟರು ಗುಳಿಗೆಯನ್ನು ಬದಲಿಸಿ, ಬಾಯಿಯ ಮೂಲಕ ಮೆಗ್ನೀಸಿಯಂ ಕೊಟ್ಟರು. ಕೆಲವು ವಾರಗಳಲ್ಲಿ ಬೆರಳು ಸೆಟೆಯುವುದು ನಿಂತಿತು.

ಒಬ್ಬರ ಅನುಭವ ಎಲ್ಲರಿಗೂ ಪ್ರಮಾಣವಾಗದೆಂಬುದನ್ನು ಬಲ್ಲೆ. ಮೀನಖಂಡ ಹಿಡಿಯುವವರಿಗೆಲ್ಲ ಮೆಗ್ನೀಸಿಯಂ ಕೊರತೆಯೇ ಇರಬೇಕೆಂದಿಲ್ಲ. ವಯಸ್ಸಾದವರ ಈ ನೋವಿಗೆ ಮೆಗ್ನೀಸಿಯಂ ಗುಳಿಗೆಯಿಂದಲೂ ಹೇಳಿಕೊಳ್ಳುವಂಥ ಗುಣ ಕಾಣದೆಂದು ೨೦೨೦ರ ಒಂದು ದೊಡ್ಡ ಪರಿಶೀಲನೆ ಹೇಳಿದೆ. ಮೂತ್ರಪಿಂಡ ದುರ್ಬಲವಾದವರಂತೂ ಡಾಕ್ಟರನ್ನು ಕೇಳದೆ ಮೆಗ್ನೀಸಿಯಂ ನುಂಗಲೇಬಾರದು. ತಿಕ್ಕಿದಾಗ ಹಿತವೆನಿಸಿದರೆ, ನೀರು ಬೆರೆಸಿ ತಿಳಿಮಾಡಿ ಹಚ್ಚಿಕೊಂಡು, ಕಾಲು ಗಂಟೆಯ ಮೇಲೆ ತೊಳೆದುಕೊಳ್ಳಲು ಅಡ್ಡಿಯಿಲ್ಲ. ಆ ಹಿತದಲ್ಲಿ ತಿಕ್ಕಿದ ಕೈಯ ಪಾಲೂ ಇರಬಹುದು.

ಅತ್ತಿಗೆಯ ಸೀಸೆ ಇನ್ನೂ ಕಿಟಕಿಯ ಮೇಲಿದೆ. ಈ ಆಷಾಢದಲ್ಲಿ ಹೋಗಿದ್ದಾಗ ನೋಡಿದೆ, ಮುಚ್ಚಳದಿಂದ ಜಿನುಗಿದ್ದು ತೇವ ಹೀರಿ ತಳದ ಸುತ್ತ ಉಂಗುರದಂತೆ ನೀರು ನಿಂತಿತ್ತು. ಅತ್ತಿಗೆ ಅದನ್ನು ಬಟ್ಟೆಯಿಂದ ಒರಸುತ್ತ, “ಆ ಜನ ಈಗ ಎಲ್ಲಿರುತ್ತಾರೆ?” ಎಂದು ಕೇಳಿದರು. ಮಳೆಗಾಲವಲ್ಲವೆ, ಹಳ್ಳಿಗಳಿಗೆ ಹಿಂದಿರುಗಿರುತ್ತಾರೆ ಎಂದೆ. ನವರಾತ್ರಿ ಕಳೆದ ಮೇಲೆ ಮತ್ತೆ ರಣಕ್ಕಿಳಿಯುತ್ತಾರೆ.